ಹಳೆಯ ರಾಕ್ಷಸ ಚಿತ್ರಗಳಲ್ಲಿ ಮೊದಲು ಸಾಯುವವರು ಯಾರು, ವೇಷದೊಳಗೆ ಇದ್ದವರು ಯಾರು?

ನೆರಳುಬೆಳಕು:

1930ರಿಂದ 1960ರ ದಶಕದವರೆಗೆ ಬಂದ ಹಾಲಿವುಡ್ಡಿನ ಭಯಾನಕ ಚಿತ್ರಗಳಲ್ಲಿ ದೈತ್ಯ ಕಪಿ, ಜಲಚರ, ಅರ್ಧ ಮನುಷ್ಯ ಅರ್ಧ ಮೃಗ ಇಂಥವು ಕೇಂದ್ರದಲ್ಲಿರುವ ಒಂದು ದೊಡ್ಡ ಗುಂಪೇ ಇದೆ. ಆ ಚಿತ್ರಗಳಲ್ಲಿ ಬಿಳಿಯರಲ್ಲದವರಿಗೆ ಮತ್ತು ಹೆಂಗಸರಿಗೆ ಸಿಕ್ಕ ಜಾಗದ ಬಗ್ಗೆ ಇಲ್ಲಿ ನಿಧಾನವಾಗಿ, ಚಿತ್ರಗಳನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕೆಂಬುದು ನನ್ನ ಆಸೆ. ನಾನು ಈ ಚಿತ್ರಗಳನ್ನು ಮನಸಾರೆ ಪ್ರೀತಿಸುವವನು. ಹಾಗಿರುವುದರಿಂದಲೇ ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ನೋಡುವುದು ನನ್ನಿಂದ ಆಗುತ್ತಿಲ್ಲ.

ಮೊದಲಿಗೆ 1954ರ 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಚಿತ್ರವನ್ನು ತೆಗೆದುಕೊಳ್ಳೋಣ. ಅಮೆಜಾನ್ ನದಿಯ ದಂಡೆಯಲ್ಲಿ ವಿಜ್ಞಾನಿ ಕಾರ್ಲ್ ಮಾಯಾ ಅವರಿಗೆ ವಿಚಿತ್ರವಾದ ಪಳೆಯುಳಿಕೆಯೊಂದು ಸಿಗುತ್ತದೆ. ಅವರು ನೆರವು ಕೇಳಲು ಹೊರಟಾಗ ಶಿಬಿರದ ಕಾವಲಿಗೆ ಉಳಿಯುವವರು ಲೂಯಿಸ್ ಮತ್ತು ತೋಮಾಸ್ ಎಂಬ ಇಬ್ಬರು ಸ್ಥಳೀಯ ಸಹಾಯಕರು. ರಾತ್ರಿ ಅರ್ಧ ಮೀನು ಅರ್ಧ ಮನುಷ್ಯನಂಥ ಜಲಚರವು ಡೇರೆಯೊಳಗೆ ನುಗ್ಗಿ ಇಬ್ಬರನ್ನೂ ಕೊಲ್ಲುತ್ತದೆ. ಮುಂದೆ 'ರೀಟಾ' ಎಂಬ ದೋಣಿಯಲ್ಲಿ ದುಡಿಯುವ ಚಿಕೋ ಮತ್ತು ಜೀ ಕೂಡ ಒಬ್ಬರಾದ ಮೇಲೆ ಒಬ್ಬರು ಸಾಯುತ್ತಾರೆ. ಪ್ರತಿ ಸಾವಿನ ನಂತರ ಕೆಲವು ಕ್ಷಣದ ಗಾಬರಿಯಿರುತ್ತದೆ, ಆಮೇಲೆ ಮಾತು ಮತ್ತೆ ಸಂಶೋಧನೆಯ ಕಡೆಗೆ, ಜಲಚರವನ್ನು ಜೀವಂತ ಹಿಡಿಯಬೇಕೋ ಕೊಲ್ಲಬೇಕೋ ಎಂಬ ಬಿಳಿಯ ಗಂಡಸರಿಬ್ಬರ ಜಗಳದ ಕಡೆಗೆ ಹೊರಳುತ್ತದೆ. ಬಿಳಿಯರಲ್ಲಿ ಸಾಯುವವನು ಮಾರ್ಕ್ ವಿಲಿಯಮ್ಸ್ ಒಬ್ಬನೇ. ಅವನ ಸಾವು ಅವನ ಹಠದ ಫಲ, ಅಂದರೆ ಕಥೆಯೊಳಗೆ ಅದಕ್ಕೊಂದು ಕಾರಣವಿದೆ, ತೂಕವಿದೆ. ಉಳಿದ ನಾಲ್ವರು ಅಪಾಯ ದೊಡ್ಡದೆಂದು ನಮಗೆ ತಿಳಿಸುವುದಕ್ಕಾಗಿಯೇ ಸತ್ತವರು. ಅವರ ಮನೆಗೆ ಸುದ್ದಿ ಮುಟ್ಟಿತೇ ಎಂದು ಕೇಳುವವರು ಆ ದೋಣಿಯಲ್ಲಿ ಯಾರೂ ಇಲ್ಲ.

ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ 1933ರ 'ಕಿಂಗ್ ಕಾಂಗ್' ಇದೆ. ಸುಮಾತ್ರಾದ ಪಶ್ಚಿಮಕ್ಕೆ ಎಲ್ಲೋ ಇರುವ ದ್ವೀಪವೆಂದು ಚಿತ್ರವೇ ಹೇಳುತ್ತದೆ, ಆದರೆ ದ್ವೀಪವಾಸಿಗಳಾಗಿ ತೆರೆಯ ಮೇಲೆ ಕಾಣುವವರಲ್ಲಿ ಬಹುತೇಕರು ಆಫ್ರಿಕನ್ ಅಮೆರಿಕನ್ ಸಹನಟರು. ಆ ದ್ವೀಪದ ಮುಖಂಡ ಬಿಳಿಯ ನಾಯಕಿ ಆನ್‌ಳನ್ನು ಕಂಡೊಡನೆ, ಅವಳೊಬ್ಬಳಿಗೆ ಬದಲಾಗಿ ತನ್ನವರ ಆರು ಹೆಂಗಸರನ್ನು ಕೊಡುವುದಾಗಿ ಹೇಳುತ್ತಾನೆ. ಆರಕ್ಕೆ ಒಂದು ಎಂಬ ಆ ವಿನಿಮಯ ದರವನ್ನು ಬರೆದವರು ದ್ವೀಪದವರಲ್ಲ. ಹಡಗಿನ ಚೀನೀ ಅಡುಗೆಯವ ಚಾರ್ಲಿಯದು ಇನ್ನೊಂದು ಉದಾಹರಣೆ. ನಾಯಕಿಯನ್ನು ಹೊತ್ತೊಯ್ದಿದ್ದಾರೆಂಬುದಕ್ಕೆ ಡೆಕ್ಕಿನ ಮೇಲೆ ಮೊದಲ ಸುಳಿವು ಕಂಡು ಎಲ್ಲರನ್ನೂ ಕೂಗಿ ಎಬ್ಬಿಸುವವನು ಅವನೇ. ಹುಡುಕಲು ತಾನೂ ಬರುತ್ತೇನೆಂದಾಗ ಮಾತ್ರ ಅದು ಅಡುಗೆಯವನ ಕೆಲಸವಲ್ಲವೆಂದು ಅವನನ್ನು ಹಿಂದೆ ಉಳಿಸುತ್ತಾರೆ.

ತೆರೆಯ ಮೇಲೆ ಎಷ್ಟು ಮುಖಗಳಿದ್ದವು ಎಂದು ಎಣಿಸುವುದು ಸುಲಭ. ಯಾರ ಸಾವಿಗೆ ಕಥೆ ನಿಂತು ನೋಡುತ್ತದೆ, ರಾಕ್ಷಸನ ತೊಗಲಿನೊಳಗೆ ಯಾರಿದ್ದರು, ಯಾರ ಹೆಸರು ತೆರೆಯ ಮೇಲೆ ಬಂತು ಎಂಬ ಮೂರನ್ನೂ ಒಟ್ಟಿಗೆ ನೋಡದೆ ಈ ಚಿತ್ರಗಳ ಪ್ರಾತಿನಿಧ್ಯದ ಬಗ್ಗೆ ಏನೂ ಹೇಳಲಾಗದು ಎಂಬುದು ನನ್ನ ನಿಲುವು. ತಮ್ಮೆಲ್ಲರ ಅಭಿಪ್ರಾಯಕ್ಕೆ ಕಾಯುತ್ತೇನೆ.

ಹಳೆಯರೀಲು:

ನೆರಳುಬೆಳಕು ಅವರೇ, ತಾವು ಎತ್ತಿದ ದೃಶ್ಯಗಳೆಲ್ಲ ನಿಜ. ಆದರೆ ತೊಂಬತ್ತು ವರ್ಷ ಹಿಂದಿನ ಚಿತ್ರವನ್ನು ಇಂದಿನ ತಕ್ಕಡಿಯಲ್ಲಿ ತೂಗುವ ಬಗ್ಗೆ ನನಗೆ ಹಿಂಜರಿಕೆ ಇದೆ. ಅಂದಿನ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಪ್ರೇಕ್ಷಕರು ಪ್ರತ್ಯೇಕ ಬಾಲ್ಕನಿಯಲ್ಲಿ ಕುಳಿತು ಚಿತ್ರ ನೋಡಬೇಕಿತ್ತು. 1930ರಲ್ಲಿ ಬರೆದು 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದ, ಹಾಲಿವುಡ್ ಸ್ಟುಡಿಯೋಗಳು ತಮಗೆ ತಾವೇ ಹಾಕಿಕೊಂಡ ನಿಯಮಾವಳಿಯಾದ ಹೇಸ್ ಸಂಹಿತೆಯು ಕಪ್ಪು ಮತ್ತು ಬಿಳಿ ಜನರ ನಡುವಿನ ಪ್ರಣಯವನ್ನು ತೆರೆಯ ಮೇಲೆ ತೋರಿಸಬಾರದೆಂದು ನೇರವಾಗಿಯೇ ವಿಧಿಸಿತ್ತು. ಸಮಾಜವೂ ಸ್ಟುಡಿಯೋವೂ ಹಾಗಿದ್ದ ಮೇಲೆ ಚಿತ್ರ ಬೇರೆ ಹೇಗೆ ಇರಬಹುದಿತ್ತು?

ಇನ್ನೂ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಚಿತ್ರಗಳ ಮನಸ್ಸು ಯಾವಾಗಲೂ ರಾಕ್ಷಸನ ಕಡೆಗೇ ಇದೆ. ಕಾಂಗ್‌ನನ್ನು ಸರಪಳಿಯಲ್ಲಿ ಬಿಗಿದು ನ್ಯೂಯಾರ್ಕಿಗೆ ತಂದು ಟಿಕೆಟ್ ಮಾರಿ ಪ್ರದರ್ಶಿಸಿದಾಗ, ಕಡಲಾಚೆಯಿಂದ ಬಂಧಿಸಿ ತಂದವರ ಚರಿತ್ರೆಯನ್ನು ನೆನೆಯದ ಪ್ರೇಕ್ಷಕ ಇರಲಿಕ್ಕಿಲ್ಲ. ನಿರ್ದೇಶಕರಲ್ಲೊಬ್ಬರಾದ ಮೆರಿಯನ್ ಕೂಪರ್ ತಮ್ಮ ಚಿತ್ರದಲ್ಲಿ ಅಂಥ ಯಾವ ಸಂಕೇತವೂ ಇಲ್ಲವೆಂದೇ ಹೇಳಿಕೊಂಡು ಬಂದರು, ಆದರೂ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ವಿಮಾನಗಳ ಗುಂಡಿಗೆ ಸಿಕ್ಕ ಆ ಜೀವಿಗಾಗಿ ನಾವು ಮರುಗುತ್ತೇವೆ. ಮನುಷ್ಯ ಪಾತ್ರಗಳ ಮೂಲಕ ಹೇಳಲಾಗದ್ದನ್ನು ಈ ಚಿತ್ರಗಳು ಮೃಗದ ಮೂಲಕ ಹೇಳಿದವು ಎಂಬುದು ನನ್ನ ವಾದ.

ನೆರಳುಬೆಳಕು:

ಕಾಂಗ್‌ಗಾಗಿ ಮರುಗುವಾಗ ನನಗೂ ಗಂಟಲು ಕಟ್ಟುತ್ತದೆ, ಅದರಲ್ಲಿ ನಮ್ಮಿಬ್ಬರಿಗೆ ಭೇದವಿಲ್ಲ. ಆದರೆ ಆ ಮರುಕ ಕಪಿಗೆ ಸಿಕ್ಕಿತೇ ಹೊರತು ಅದರ ಕಾಲ್ತುಳಿತಕ್ಕೆ ಸಿಕ್ಕ ದ್ವೀಪವಾಸಿಗಳಿಗೆ ಸಿಗಲಿಲ್ಲ. ಒಂದು ಜನಾಂಗದ ನೋವನ್ನು ಕಪಿಯ ರೂಪದಲ್ಲಿ ಹೇಳಿದರೆ ಪ್ರೇಕ್ಷಕ ಅಳುತ್ತಾನೆ, ಅದೇ ಜನಾಂಗದ ಮನುಷ್ಯರು ಅದೇ ಚಿತ್ರದಲ್ಲಿ ಸತ್ತರೆ ಅಳುವುದಿಲ್ಲ. ಇದನ್ನು ಗುಣವೆಂದು ಒಪ್ಪುವುದು ನನಗೆ ಕಷ್ಟ.

ಇನ್ನು 'ಆ ಕಾಲವೇ ಹಾಗಿತ್ತು' ಎಂಬ ಮಾತು. ಅದೇ ಕಾಲದಲ್ಲಿ, ಅದೇ ಸ್ಟುಡಿಯೋದಲ್ಲಿ ಬೇರೆ ಥರದ ಚಿತ್ರವೂ ಬಂತು. 'ಕಿಂಗ್ ಕಾಂಗ್' ತೆಗೆದ ಆರ್‌ಕೆಓ ಸಂಸ್ಥೆಯೇ 1943ರಲ್ಲಿ ವ್ಯಾಲ್ ಲೂಟನ್ ನಿರ್ಮಾಣದ, ಜಾಕ್ ಟೂರ್ನರ್ ನಿರ್ದೇಶನದ 'ಐ ವಾಕ್ಡ್ ವಿತ್ ಎ ಜೋಂಬಿ' ಚಿತ್ರವನ್ನು ಹೊರತಂದಿತು. ಅದರ ಆರಂಭದಲ್ಲಿ ಕೆನಡಾದ ನರ್ಸ್ ಬೆಟ್ಸಿ ಕೆರಿಬಿಯನ್ ದ್ವೀಪವೊಂದಕ್ಕೆ ಬಂದಿಳಿದು ಕುದುರೆಗಾಡಿಯಲ್ಲಿ ಸಾಗುತ್ತಿರುತ್ತಾಳೆ. ಗಾಡಿ ಹೊಡೆಯುವ ಕಪ್ಪು ಮನುಷ್ಯ ತನ್ನ ಪೂರ್ವಜರಾದ ತಾಯಂದಿರನ್ನೂ ತಂದೆಯರನ್ನೂ ಹಡಗಿನ ತಳಕ್ಕೆ ಸರಪಳಿಯಿಂದ ಕಟ್ಟಿ ಇಲ್ಲಿಗೆ ತಂದ ಕಥೆಯನ್ನು ಸಾವಧಾನವಾಗಿ ಹೇಳುತ್ತಾನೆ. ಸುತ್ತಲಿನ ಹಸಿರನ್ನು ನೋಡುತ್ತ ಆಕೆ, ಸುಂದರವಾದ ಜಾಗಕ್ಕೇ ತಂದರಲ್ಲವೇ ಎನ್ನುತ್ತಾಳೆ. ನೀವು ಹೇಳಿದಂತೆಯೇ ಇರಲಿ ತಾಯಿ ಎಂಬರ್ಥದ ಎರಡು ಮಾತನ್ನಾಡಿ ಅವನು ಸುಮ್ಮನಾಗುತ್ತಾನೆ. ಅವನ ದನಿ ಏರುವುದಿಲ್ಲ, ಸಂಗೀತ ನಮಗೆ ಸೂಚನೆ ಕೊಡುವುದಿಲ್ಲ. ಆದರೂ ಆ ಗಳಿಗೆಯಿಂದ ನಾವು ಬೆಟ್ಸಿಯ ಕಣ್ಣನ್ನು ಪೂರ್ತಿಯಾಗಿ ನಂಬುವುದಿಲ್ಲ. ಹೇಸ್ ಸಂಹಿತೆ ಜಾರಿಯಲ್ಲಿದ್ದಾಗ, ಕಡಿಮೆ ಹಣದಲ್ಲಿ, ಸ್ಟುಡಿಯೋ ಕೊಟ್ಟ ಶೀರ್ಷಿಕೆಗೆ ಕಥೆ ಹೊಂದಿಸಬೇಕಾಗಿದ್ದ ತಂಡವೊಂದು ಇಷ್ಟನ್ನು ಸಾಧಿಸಿತು.

ಅದಕ್ಕೂ ಮೂರು ವರ್ಷ ಮೊದಲು, 1940ರಲ್ಲಿ, ಪೂರ್ತಿ ಕಪ್ಪು ನಟವರ್ಗದ ಮೊದಲ ಭಯಾನಕ ಚಿತ್ರವೆಂದು ಗುರುತಿಸಲಾಗುವ 'ಸನ್ ಆಫ್ ಇಂಗಾಗಿ' ಬಂದಿತ್ತು. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುವೆ.

ನೋಬಲ್ ಜಾನ್ಸನ್ ಅವರ ವಿಷಯವನ್ನಂತೂ ಈಗಲೇ ಹೇಳಿಬಿಡಬೇಕು. ಕಾಂಗ್ ದ್ವೀಪದ ಮುಖಂಡನಾಗಿ ನಟಿಸಿದವರು ಅವರು. 1916ರಲ್ಲಿಯೇ ಅವರು ತಮ್ಮ ಸಹೋದರ ಜಾರ್ಜ್ ಮೊದಲಾದವರೊಂದಿಗೆ ಸೇರಿ ಲಿಂಕನ್ ಮೋಷನ್ ಪಿಕ್ಚರ್ ಕಂಪನಿಯನ್ನು ಕಟ್ಟಿ, ಕಪ್ಪು ಜನರನ್ನು ಘನತೆಯಿಂದ ತೋರಿಸುವ ಚಿತ್ರಗಳನ್ನು ತಯಾರಿಸಿದ್ದರು. ಹೊಟ್ಟೆಪಾಡಿಗೆ ಅವರು ನಟಿಸುತ್ತಿದ್ದ ದೊಡ್ಡ ಸ್ಟುಡಿಯೋ ಇದಕ್ಕೆ ಆಕ್ಷೇಪವೆತ್ತಿದಾಗ ತಮ್ಮದೇ ಕಂಪನಿಯನ್ನು ಬಿಡಬೇಕಾಯಿತು. ಆಮೇಲೆ ತೆರೆಯ ಮೇಲೆ ಅವರು 1932ರ 'ದ ಮಮ್ಮಿ'ಯಲ್ಲಿ ನ್ಯೂಬಿಯದ ಸೇವಕ, ಕಾಂಗ್‌ನ ದ್ವೀಪದಲ್ಲಿ ಬುಡಕಟ್ಟಿನ ಮುಖಂಡ. ಕಾಂಗ್‌ಗೆ ಬಳಸಿದ ಕಾಡಿನ ಸೆಟ್ಟಿನಲ್ಲಿಯೇ ತೆಗೆದ 'ದ ಮೋಸ್ಟ್ ಡೇಂಜರಸ್ ಗೇಮ್'ನಲ್ಲಿ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ರಷ್ಯದ ಕೊಸಾಕ್ ಆಗಿ ನಿಂತರು. ಒಬ್ಬ ಸಮರ್ಥ ನಟ ಜಗತ್ತಿನ ಯಾವ ಮೂಲೆಯವನೂ ಆಗಬಹುದಾಗಿತ್ತು, ತನ್ನ ಊರಿನ, ತನ್ನ ಕಾಲದ ಸಾಮಾನ್ಯ ಮನುಷ್ಯನಾಗಿ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ.

ಮುಖವರ್ಣಿಕೆ:

ನಾನು ಹವ್ಯಾಸಿ ರಂಗಭೂಮಿಯಲ್ಲಿ ಬಣ್ಣ ಹಚ್ಚುವವಳು. ಆದ್ದರಿಂದ ನೆರಳುಬೆಳಕು ಅವರು ಕೇಳಿದ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರಿಸಬೇಕೆನಿಸಿತು. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ, ಆ ರಾಕ್ಷಸನ ಕಿರೀಟದಡಿ ಯಾರಿದ್ದಾರೆಂಬುದು ಇಡೀ ಸಭೆಗೆ ಗೊತ್ತಿರುತ್ತದೆ. ಮುಖ ಪೂರ್ತಿ ಮುಚ್ಚಿಹೋದರೂ ಕಲಾವಿದನ ಹೆಸರು ಮುಚ್ಚಿಹೋಗುವುದಿಲ್ಲ. ಹಾಲಿವುಡ್ಡಿನ ಕಥೆ ಇದಕ್ಕೆ ವಿರುದ್ಧವಾದದ್ದು.

'ಬ್ಲ್ಯಾಕ್ ಲಗೂನ್' ಜಲಚರವನ್ನೇ ನೋಡಿ. ನೀರಿನೊಳಗಿನ ದೃಶ್ಯಗಳಲ್ಲಿ ಆ ರಬ್ಬರಿನ ಉಡುಪು ತೊಟ್ಟವರು ರಿಕೂ ಬ್ರೌನಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿದರೆ ಕಾಣಿಸುತ್ತದೆಂದು, ಪಕ್ಕದಲ್ಲಿ ಹಿಡಿದ ಕೊಳವೆಯಿಂದ ಉಸಿರೆಳೆದುಕೊಂಡು, ಅದನ್ನು ಬಿಟ್ಟು, ಉಸಿರು ಕಟ್ಟಿ ಅವರು ಈಜುತ್ತಿದ್ದರು. ನೆಲದ ಮೇಲಿನ ದೃಶ್ಯಗಳಲ್ಲಿ ಅದೇ ಜಲಚರವಾದವರು ಬೆನ್ ಚಾಪ್‌ಮನ್, ತಾಹಿತಿ ಮೂಲದ, ಆರಡಿಗೂ ಬಹಳ ಎತ್ತರದ ಮನುಷ್ಯ. ಚಿತ್ರ ಬಿಡುಗಡೆಯಾದಾಗ ಇಬ್ಬರ ಹೆಸರೂ ತೆರೆಯ ಮೇಲೆ ಇರಲಿಲ್ಲ. ದಕ್ಷಿಣ ಅಮೆರಿಕದ ನೆಲಕ್ಕೆ ನುಗ್ಗಿದವರ ವಿರುದ್ಧ ತನ್ನ ನೀರನ್ನು ಕಾಯುವ ಜೀವಿಯನ್ನು ಪೆಸಿಫಿಕ್ ದ್ವೀಪದ ಮೂಲದವರೊಬ್ಬರು ನಡೆಸಿದರು, ಅವರ ನಡಿಗೆಯನ್ನು ಜಗತ್ತೆಲ್ಲ ನೋಡಿತು, ಹೆಸರನ್ನು ಮಾತ್ರ ದಶಕಗಳ ನಂತರ ಅಭಿಮಾನಿಗಳು ಹುಡುಕಿ ತೆಗೆದರು.

ಆ ಜಲಚರದ ರೂಪವನ್ನು ಕಲ್ಪಿಸಿದವರು ಮಿಲಿಸೆಂಟ್ ಪ್ಯಾಟ್ರಿಕ್. ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡಿ ಬಂದಿದ್ದ ಚಿತ್ರಕಾರ್ತಿ. ಕಿವಿರು, ಹುರುಪೆ, ದಪ್ಪ ತುಟಿ, ಬೆರಳುಗಳ ನಡುವಿನ ಪೊರೆ ಎಲ್ಲವೂ ಭಯ ಹುಟ್ಟಿಸಬೇಕು, ಅದರ ಜೊತೆಗೇ ಕರುಣೆಯೂ ಮೂಡಬೇಕು ಎಂಬ ಸಮತೋಲನವನ್ನು ಆ ವಿನ್ಯಾಸ ಹೇಗೆ ಹಿಡಿದಿದೆಯೆಂಬುದು ಬಣ್ಣದ ಕೆಲಸ ಗೊತ್ತಿರುವವರಿಗೆ ತಕ್ಷಣ ತಿಳಿಯುತ್ತದೆ. 1954ರ ಆರಂಭದಲ್ಲಿ ಯೂನಿವರ್ಸಲ್ ಸಂಸ್ಥೆ ಅವರನ್ನು ಪ್ರಚಾರ ಪ್ರವಾಸಕ್ಕೆ ಕಳುಹಿಸಿತು. 'ಮೃಗವನ್ನು ಸೃಷ್ಟಿಸಿದ ಸುಂದರಿ' ಎಂದು ಇಟ್ಟಿದ್ದ ಪ್ರವಾಸದ ಹೆಸರನ್ನು ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್ ಅವರ ಅಸಮಾಧಾನದಿಂದಾಗಿ 'ಮೃಗದೊಡನೆ ಬಾಳುವ ಸುಂದರಿ' ಎಂದು ಬದಲಿಸಲಾಯಿತು. ಸೃಷ್ಟಿಸಿದ್ದನ್ನು ಕಿತ್ತುಕೊಂಡು ಬಾಳುವುದನ್ನು ಮಾತ್ರ ಉಳಿಸಿದರು. ಪ್ರವಾಸ ಮುಗಿಸಿ ಬಂದ ಮಿಲಿಸೆಂಟ್ ಅವರಿಗೆ ವೆಸ್ಟ್‌ಮೋರ್ ಆ ವಿಭಾಗದಲ್ಲಿ ಮತ್ತೆ ಕೆಲಸ ಕೊಡಲಿಲ್ಲ. ತೆರೆಯ ಮೇಲೆ ಮೇಕಪ್ಪಿಗೆ ಇದ್ದ ಹೆಸರು ವೆಸ್ಟ್‌ಮೋರ್ ಅವರದೊಂದೇ. 2019ರಲ್ಲಿ ಮ್ಯಾಲರಿ ಒಮೇರಾ ಅವರ ಪುಸ್ತಕ ಬರುವವರೆಗೂ ಹೊರಗಿನವರಿಗೆ ಮಿಲಿಸೆಂಟ್ ಪ್ಯಾಟ್ರಿಕ್ ಯಾರೆಂಬುದು ಅಷ್ಟಾಗಿ ತಿಳಿದಿರಲಿಲ್ಲ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಚಾರ್ಲ್ಸ್ ಗೆಮೋರಾ ಅವರದು ಇನ್ನೊಂದು ಬಗೆ. ಫಿಲಿಪ್ಪೀನ್ಸಿನ ನೆಗ್ರೋಸ್ ದ್ವೀಪದಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಸ್ಟುಡಿಯೋಗಳಲ್ಲಿ ಶಿಲ್ಪ ಮತ್ತು ಮೇಕಪ್ಪಿನ ಕೆಲಸ ಮಾಡಿದ ಇವರು ಗೊರಿಲ್ಲಾ ಉಡುಪನ್ನು ತಾವೇ ಹೊಲಿದು, ತಾವೇ ತೊಟ್ಟು, ಹಾಲಿವುಡ್ಡಿನ ಅತ್ಯಂತ ನಂಬಲರ್ಹ ಗೊರಿಲ್ಲಾ ಆದರು. 1932ರ 'ಮರ್ಡರ್ಸ್ ಇನ್ ದ ರೂ ಮೋರ್ಗ್' ಚಿತ್ರದ ಗೊರಿಲ್ಲಾ ಅವರೇ. 1953ರ 'ದ ವಾರ್ ಆಫ್ ದ ವರ್ಲ್ಡ್ಸ್' ಚಿತ್ರದಲ್ಲಿ ಹುಡುಗಿಯ ಹೆಗಲ ಮೇಲೆ ಮೂರು ಬೆರಳಿನ ಕೈಯಿಟ್ಟು ಎಲ್ಲರನ್ನೂ ಬೆಚ್ಚಿಬೀಳಿಸುವ ಮಂಗಳವಾಸಿಯೂ ಅವರೇ. 1930ರಲ್ಲಿ 'ಇಂಗಾಗಿ' ಎಂಬ ಚಿತ್ರ ಬಂತು. ಆಫ್ರಿಕದಲ್ಲಿ ತೆಗೆದ ನೈಜ ಸಾಕ್ಷ್ಯಚಿತ್ರವೆಂದು, ಅಲ್ಲಿನ ಹೆಂಗಸರನ್ನು ಗೊರಿಲ್ಲಾಗಳಿಗೆ ಒಪ್ಪಿಸುತ್ತಾರೆಂದು ಸಾರಿ, ಹಣ ಬಾಚಿಕೊಂಡ ಹಸಿ ಸುಳ್ಳು ಅದು. ಅದರ ಹೊಸ ದೃಶ್ಯಗಳನ್ನು ಕ್ಯಾಲಿಫೋರ್ನಿಯದಲ್ಲಿಯೇ ತೆಗೆದಿದ್ದರು. ಅದರಲ್ಲಿ ಗೊರಿಲ್ಲಾ ಆಗಿದ್ದವನು ತಾನೇ ಎಂದು ಗೆಮೋರಾ ಅವರು ಪ್ರಮಾಣ ಮಾಡಿ ಬರೆದುಕೊಟ್ಟದ್ದು ಆ ಮೋಸ ಬಯಲಾಗಲು ನೆರವಾಯಿತು.

ಕಪಿಲಾತೀರ:

ಇಲ್ಲಿಯವರೆಗಿನ ಬರಹಗಳನ್ನು ಆಸಕ್ತಿಯಿಂದ ಓದಿದೆ. ಯೂನಿವರ್ಸಲ್ ಸ್ಟುಡಿಯೋದ ಮಾತು ಬಂದಿರುವುದರಿಂದ ನಮ್ಮ ಸೀಮೆಯವರೊಬ್ಬರನ್ನು ನೆನೆಯಲೇಬೇಕು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮಗ ಸಾಬು, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಹೆಸರಾಗಿ, 1942ರ ಹೊತ್ತಿಗೆ ಯೂನಿವರ್ಸಲ್ ಸೇರಿದ್ದರು. 1944ರ 'ಕೋಬ್ರಾ ವುಮನ್' ಚಿತ್ರದಲ್ಲಿ ಸರ್ಪಪೂಜಕರ ಕಾಲ್ಪನಿಕ ದ್ವೀಪದ ಕಥೆಯಿದೆ. ಅದರಲ್ಲಿ ಸಾಬು ಜೊತೆಗೆ 'ವುಲ್ಫ್ ಮ್ಯಾನ್' ಖ್ಯಾತಿಯ ಲಾನ್ ಚೇನಿ ಜೂನಿಯರ್ ಕೂಡ ಇದ್ದಾರೆ. ಸಾಬು ಅವರ ಹೆಸರು ಪೋಸ್ಟರಿನ ಮೇಲೆ ದೊಡ್ಡದಾಗಿಯೇ ಇರುತ್ತಿತ್ತು. ಆದರೆ ಅರೆಬೆತ್ತಲೆ ಮೈ, ಕಾಡು, ಪ್ರಾಣಿ, ಬಿಳಿಯ ನಾಯಕನ ಗೆಳೆಯ ಎಂಬ ಚೌಕಟ್ಟಿನಿಂದ ಅವರು ಹೊರಬರಲು ಬಿಡಲಿಲ್ಲ. ಅದೇ ಸಾಬು ಅಮೆರಿಕದ ವಾಯುಪಡೆಯಲ್ಲಿ ಬಾಂಬರ್ ವಿಮಾನದ ಬಾಲದ ಗನ್ನರ್ ಆಗಿ ಯುದ್ಧದಲ್ಲಿ ಹೋರಾಡಿದರು.

ಸಾಬು ಅಲ್ಲಿದ್ದ ಆ ವರ್ಷಗಳಲ್ಲಿಯೇ ಯೂನಿವರ್ಸಲ್ 'ಕ್ಯಾಪ್ಟಿವ್ ವೈಲ್ಡ್ ವುಮನ್' ತೆಗೆಯಿತು. 1943ರ ಈ ಚಿತ್ರವನ್ನು ಈ ಚರ್ಚೆಯಲ್ಲಿ ಬಿಡಲಾಗದು. ಜಾನ್ ಕ್ಯಾರಡೈನ್ ನಟಿಸಿದ ಹುಚ್ಚು ವೈದ್ಯನು ಚೀಲಾ ಎಂಬ ಗೊರಿಲ್ಲಾಗೆ ಹೆಂಗಸರ ಗ್ರಂಥಿಯನ್ನೂ ಮೆದುಳನ್ನೂ ಕಸಿ ಮಾಡಿ ಅದನ್ನು ಪೌಲಾ ಎಂಬ ಹೆಣ್ಣಾಗಿ ಮಾರ್ಪಡಿಸುತ್ತಾನೆ. ಪೌಲಾ ಆಗಿ ನಟಿಸಿದವರು ಅಕ್ವನೆಟ್ಟಾ. ಸರ್ಕಸ್ಸಿನ ಪಳಗಿಸುವವನ ಮೇಲೆ ಅವಳಿಗೆ ಮನಸ್ಸಾಗುತ್ತದೆ, ಅವನಿಗೆ ಬಿಳಿಯ ಪ್ರೇಯಸಿಯಿದ್ದಾಳೆ. ಅವರಿಬ್ಬರನ್ನೂ ಒಟ್ಟಿಗೆ ಕಂಡ ರಾತ್ರಿ ಕನ್ನಡಿಯ ಮುಂದೆ ಕುಳಿತ ಪೌಲಾಳ ಮುಖ ಬದಲಾಗತೊಡಗುತ್ತದೆ. ಇಲ್ಲಿ ನಿಧಾನವಾಗಿ ನೋಡಬೇಕು. ಹೆಣ್ಣಿನ ಮುಖ ನೇರವಾಗಿ ಗೊರಿಲ್ಲಾ ಮುಖವಾಗುವುದಿಲ್ಲ. ಮೊದಲು ಅವಳ ಚರ್ಮ ಕಪ್ಪಾಗುತ್ತದೆ, ಒಂದು ಹಂತದಲ್ಲಿ ಅವಳು ಕಪ್ಪು ಮಹಿಳೆಯಂತೆ ಕಾಣುತ್ತಾಳೆ, ಅದಾದ ಮೇಲೆ ರೋಮ ಬೆಳೆದು ಮೃಗವಾಗುತ್ತಾಳೆ. ಬಿಳಿಯ ಹೆಣ್ಣು, ಕಪ್ಪು ಹೆಣ್ಣು, ಕಪಿ ಎಂಬ ಏಣಿಯನ್ನು ಕೆಲವೇ ಸೆಕೆಂಡುಗಳಲ್ಲಿ ಮೇಕಪ್ಪಿನ ಮೂಲಕ ಕಟ್ಟಿಬಿಟ್ಟರು. ಹಿಂದಿನ ಶತಮಾನದ ಜನಾಂಗವಾದಿ ವಿಜ್ಞಾನ ದಪ್ಪ ಪುಸ್ತಕಗಳಲ್ಲಿ ವಾದಿಸಿದ್ದನ್ನು ಈ ಕನ್ನಡಿಯ ದೃಶ್ಯ ಮಾತಿಲ್ಲದೆ ಪ್ರೇಕ್ಷಕನ ಕಣ್ಣಿಗೆ ಇಳಿಸಿತು. ಹಳೆಯರೀಲು ಅವರೇ, ಮೃಗದ ಮೂಲಕ ಸತ್ಯ ಹೇಳಿದರು ಎಂಬ ತಮ್ಮ ವಾದಕ್ಕೆ ನನ್ನ ಉತ್ತರ ಈ ದೃಶ್ಯ. ಮೃಗದ ಮೂಲಕ ಸುಳ್ಳನ್ನೂ ಅಷ್ಟೇ ಬಲವಾಗಿ ಹೇಳಬಹುದು.

ಅಕ್ವನೆಟ್ಟಾ ಅವರನ್ನು ಸ್ಟುಡಿಯೋ 'ವೆನೆಜುವೆಲಾದ ಜ್ವಾಲಾಮುಖಿ' ಎಂದು ಪ್ರಚಾರ ಮಾಡಿತು. ತಾನು ಅಮೆರಿಕದ ಮೂಲನಿವಾಸಿಗಳಾದ ಅರಾಪಹೋ ಜನರ ಮೂಲದವಳು ಎಂಬುದು ಆಕೆಯ ಸ್ವಂತ ಮಾತು. ಯಾರ ಮಗಳೆಂದು ಹೇಳುವ ಹಕ್ಕನ್ನೂ ಪ್ರಚಾರ ವಿಭಾಗವೇ ವಹಿಸಿಕೊಂಡಿತ್ತು.

ಹಳೆಯರೀಲು:

ಕಪಿಲಾತೀರ ಅವರೇ, ಆ ಕನ್ನಡಿಯ ದೃಶ್ಯದ ಬಗ್ಗೆ ತಾವು ಹೇಳಿದ್ದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ಆದರೂ ಎಲ್ಲ ರಾಕ್ಷಸ ಚಿತ್ರಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲವೆಂದು ಈಗಲೂ ಹೇಳುತ್ತೇನೆ. ಬೋರಿಸ್ ಕಾರ್ಲಾಫ್ ಅವರನ್ನು ನೋಡಿ. 1887ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪ್ರ್ಯಾಟ್ ಆಗಿ ಹುಟ್ಟಿದ ಅವರಿಗೆ ತಾಯಿಯ ಕಡೆಯಿಂದ ಆಂಗ್ಲೋ ಇಂಡಿಯನ್ ಮೂಲವಿತ್ತು. ಸಯಾಮಿನ ಅರಮನೆಯಲ್ಲಿ ಪಾಠ ಹೇಳಿದ ಆನಾ ಲಿಯೊನೊವೆನ್ಸ್ ಎಂಬುವರು ಕಾರ್ಲಾಫ್ ಅವರ ಅಜ್ಜಿಯ ಸೋದರಿ. ಮೈಬಣ್ಣ ತುಸು ಕಂದಾಗಿದ್ದ ಈ ನಟನಿಗೆ ಮೂಕಿ ಚಿತ್ರಗಳ ಕಾಲದಲ್ಲಿ ಸಿಕ್ಕಿದ್ದೆಲ್ಲ ಅರಬ, ಭಾರತೀಯ, ಅಮೆರಿಕದ ಮೂಲನಿವಾಸಿ ಎಂಬಂಥ ಸಣ್ಣಪುಟ್ಟ ಪಾತ್ರಗಳು. 1931ರಲ್ಲಿ 'ಫ್ರಾಂಕನ್‌ಸ್ಟೈನ್' ಸಿಕ್ಕಾಗ, ಜಾಕ್ ಪಿಯರ್ಸ್ ಎಂಬ ಗ್ರೀಕ್ ವಲಸಿಗರು ರೂಪಿಸಿದ ಭಾರವಾದ ಮೇಕಪ್ಪಿನಡಿಯಲ್ಲಿ ಅವರು ಎಲ್ಲರೂ ದೂಡಿದ ಜೀವಿಯೊಂದರ ಒಂಟಿತನವನ್ನು ಮಾತಿಲ್ಲದೆ ಅಭಿನಯಿಸಿದರು. ಆರಂಭದ ಪಟ್ಟಿಯಲ್ಲಿ ಅವರ ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ನಿರ್ದೇಶಕ ಜೇಮ್ಸ್ ವೇಲ್ ತಾವು ಸಲಿಂಗಿ ಎಂಬುದನ್ನು ಆ ಕಾಲದಲ್ಲಿಯೂ ಮರೆಮಾಚದೆ ಬದುಕಿದವರು. ಇಂಥವರು ಸೇರಿ ಕಟ್ಟಿದ ರಾಕ್ಷಸನಲ್ಲಿ ಹೊರಗೆ ನಿಂತವರ ಅನುಭವ ಇಲ್ಲವೆಂದು ನಾನು ಹೇಗೆ ಹೇಳಲಿ?

ದೂರತೀರ:

ನಾನು ಚರ್ಚೆಯನ್ನು ತುಸು ಪೂರ್ವಕ್ಕೆ ಒಯ್ಯಲು ಬಯಸುತ್ತೇನೆ. 1954ರಲ್ಲಿಯೇ, ಜಲಚರ ಬಂದ ವರ್ಷದಲ್ಲಿಯೇ, ಜಪಾನಿನಲ್ಲಿ ಇಶಿರೋ ಹೋಂಡಾ ಅವರ 'ಗಾಡ್ಜಿಲ್ಲಾ' ಬಂತು. ಅದರಲ್ಲಿ ರಾಕ್ಷಸನಿಗೆ ಬಲಿಯಾಗುವವರೂ ಎದುರಿಸುವವರೂ ದುಃಖಿಸುವವರೂ ಜಪಾನೀಯರೇ. ಆ ವರ್ಷದ ಮಾರ್ಚಿಯಲ್ಲಿ ಪೆಸಿಫಿಕ್ಕಿನ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಬಿದ್ದಿತ್ತು, ಆ ಗಾಯ ಹಸಿಯಾಗಿರುವಾಗಲೇ ತೆಗೆದ ಚಿತ್ರವಿದು. ರೈಲಿನಲ್ಲಿ ಕುಳಿತ ಹೆಂಗಸೊಬ್ಬಳು ತಾನು ನಾಗಾಸಾಕಿಯಿಂದ ಕಷ್ಟಪಟ್ಟು ಪಾರಾಗಿ ಬಂದವಳೆಂದು ಹೇಳುವ ಒಂದು ಸಾಲು ಅದರಲ್ಲಿದೆ.

1956ರಲ್ಲಿ ಅಮೆರಿಕದವರು ಈ ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಅವರನ್ನು ಅಮೆರಿಕನ್ ವರದಿಗಾರನಾಗಿ ಸೇರಿಸಿ, ಹೊಸದಾಗಿ ತೆಗೆದ ದೃಶ್ಯಗಳೊಂದಿಗೆ ಬಿಡುಗಡೆ ಮಾಡಿದರು. ನಾಗಾಸಾಕಿಯ ಆ ಸಾಲು ಕತ್ತರಿಗೆ ಹೋಯಿತು. ಮೂಲ ನಟರೊಡನೆ ಅವನು ಮಾತನಾಡುತ್ತಿರುವಂತೆ ತೋರಿಸಲು, ಅವರನ್ನೇ ಹೋಲುವ ಬೇರೆಯವರನ್ನು ಬೆನ್ನು ಮಾಡಿ ನಿಲ್ಲಿಸಿದರು. ಸ್ವಂತ ದುರಂತದಲ್ಲಿ ಜಪಾನೀಯರು ಹಿನ್ನೆಲೆಗೆ ಸರಿದು, ಅದನ್ನು ನೋಡುತ್ತಿರುವ ಅಮೆರಿಕನ್ ಮುಂದೆ ಬಂದ. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡದ್ದು 2004ರಲ್ಲಿ.

ಆದರೆ ಇದೇ ಜಪಾನೀ ಸ್ಟುಡಿಯೋ 1961ರ 'ಮಾತ್ರಾ' ಚಿತ್ರದಲ್ಲಿಯೂ 1962ರ 'ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ' ಚಿತ್ರದಲ್ಲಿಯೂ ದಕ್ಷಿಣ ಸಮುದ್ರದ ದ್ವೀಪವಾಸಿಗಳನ್ನು ತೋರಿಸಬೇಕಾದಾಗ, ಜಪಾನೀ ನಟರಿಗೇ ಕಂದು ಬಣ್ಣ ಬಳಿದು ಕುಣಿಸಿತು. ಹಾಲಿವುಡ್ ತಮಗೆ ಮಾಡಿದ್ದನ್ನು ಅವರು ತಮಗಿಂತ ದುರ್ಬಲರಾದವರಿಗೆ ಮಾಡಿದರು. ಈ ದೋಷ ಬಿಳಿಯರ ಸ್ವತ್ತೆಂದು ತಿಳಿದರೆ ನಮ್ಮ ದೇಶದ ಚಿತ್ರಗಳಲ್ಲಿ ಆದಿವಾಸಿಗಳ ಹೆಸರಿನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕುಣಿದ ಹಾಡುಗಳನ್ನು ನಾವು ಮರೆತಂತಾಗುತ್ತದೆ.

ಮುಖವರ್ಣಿಕೆ:

ನಟರು ತಾವೇ ಪಾತ್ರವನ್ನು ತಿದ್ದಿದ ಎರಡು ಪ್ರಸಂಗಗಳನ್ನು ಸೇರಿಸುತ್ತೇನೆ. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಚಿತ್ರಕಥೆಯಲ್ಲಿ ಬೆನ್ ಒರಟು ಮಾತಿನ ಲಾರಿ ಚಾಲಕನಾಗಿದ್ದ, ಅವನ ಬಣ್ಣದ ಪ್ರಸ್ತಾಪ ಇರಲಿಲ್ಲ. ಆ ಪಾತ್ರಕ್ಕೆ ಆಯ್ಕೆಯಾದ ಕಪ್ಪು ನಟ ಡುವೇನ್ ಜೋನ್ಸ್ ಸುಶಿಕ್ಷಿತ ಮನುಷ್ಯ, ಅವರು ಸಂಭಾಷಣೆಯನ್ನು ಬದಲಿಸಿಕೊಂಡು ಬೆನ್‌ನನ್ನು ಸಮಾಧಾನದಿಂದ ಯೋಚಿಸುವ, ಎಲ್ಲರನ್ನೂ ಉಳಿಸಲು ಹೆಣಗುವ ವ್ಯಕ್ತಿಯಾಗಿಸಿದರು. ರಾತ್ರಿಯಿಡೀ ಎದ್ದು ಬಂದ ಶವಗಳಿಂದ ಪಾರಾದ ಬೆನ್‌ನನ್ನು ಬೆಳಗ್ಗೆ ಬಂದೂಕು ಹಿಡಿದ ಬಿಳಿಯರ ಗುಂಪು ದೂರದಿಂದಲೇ ಹಣೆಗೆ ಗುರಿಯಿಟ್ಟು ಕೊಲ್ಲುತ್ತದೆ. ನಂತರ ಚಿತ್ರ ಚಲಿಸುವುದಿಲ್ಲ. ಕೊಕ್ಕೆಗಳಿಂದ ಅವನ ದೇಹವನ್ನು ಎಳೆಯುವುದು ಪತ್ರಿಕೆಯ ಫೋಟೋಗಳಂತೆ ತರಿತರಿಯಾದ ಸ್ಥಿರಚಿತ್ರಗಳಲ್ಲಿ ಬರುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ವರ್ಷವೇ ಅದನ್ನು ನೋಡಿದವರಿಗೆ ಆ ಫೋಟೋಗಳು ಏನನ್ನು ನೆನಪಿಸಿದವೆಂದು ವಿವರಿಸಬೇಕಿಲ್ಲ.

ಎರಡನೆಯವರು ವಿಲಿಯಂ ಮಾರ್ಷಲ್. 1972ರ 'ಬ್ಲ್ಯಾಕುಲಾ' ಚಿತ್ರಕ್ಕೆ ಒಪ್ಪುವಾಗ, ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ ಈ ನಟ ತಮ್ಮ ಪಾತ್ರ ಆಫ್ರಿಕದ ರಾಜಕುಮಾರನಾಗಿರಬೇಕೆಂದು ಪಟ್ಟು ಹಿಡಿದರು. ಹಾಗಾಗಿ ಚಿತ್ರದ ಆರಂಭದಲ್ಲಿ ರಾಜಕುಮಾರ ಮಾಮುವಾಲ್ಡೆ ಗುಲಾಮರ ವ್ಯಾಪಾರ ನಿಲ್ಲಿಸಲು ನೆರವು ಕೇಳಿ ಡ್ರಾಕುಲಾನ ಕೋಟೆಗೆ ಬರುತ್ತಾನೆ. ಡ್ರಾಕುಲಾ ಅವನನ್ನು ಅವಮಾನಿಸಿ, ಕಚ್ಚಿ, ತನ್ನ ಹೆಸರನ್ನು ಅವನಿಗೆ ಅಂಟಿಸುತ್ತಾನೆ. ಅಗ್ಗದ ಚಿತ್ರವೆಂದು ತಳ್ಳಿಹಾಕುವವರು ಈ ಮೊದಲ ದೃಶ್ಯವನ್ನಾದರೂ ನೋಡಬೇಕು.

ಕಪಿಲಾತೀರ:

ನಮ್ಮ ಊರಿನ ಚಿತ್ರ ಬಳಗದಲ್ಲಿ ಹಳೆಯ ರಾಕ್ಷಸ ಚಿತ್ರಗಳ ಸರಣಿಯೊಂದನ್ನು ಇಟ್ಟುಕೊಳ್ಳುವ ಮಾತು ನಡೆದಿದೆ. ಶಾಲೆ ಕಾಲೇಜಿನ ಮಕ್ಕಳೂ ಬರುತ್ತಾರೆ. ಯಾವುದರಿಂದ ಆರಂಭಿಸುವುದು ಒಳ್ಳೆಯದು?

ಹಳೆಯರೀಲು:

'ಕಿಂಗ್ ಕಾಂಗ್' ಬಿಟ್ಟು ಸರಣಿ ಮಾಡಬೇಡಿ. ವಿಲಿಸ್ ಓಬ್ರಿಯನ್ ಗೊಂಬೆಗೆ ಜೀವ ತುಂಬಿದ ಕೈಚಳಕವನ್ನು ಮಕ್ಕಳು ದೊಡ್ಡ ತೆರೆಯ ಮೇಲೆ ನೋಡಲೇಬೇಕು. ದ್ವೀಪದ ದೃಶ್ಯಗಳನ್ನು ಕತ್ತರಿಸುವುದೂ ಬೇಡ. ಚಿತ್ರಕ್ಕೆ ಮೊದಲು ನೋಬಲ್ ಜಾನ್ಸನ್ ಅವರ ಬಗ್ಗೆ ಹತ್ತು ನಿಮಿಷ ಮಾತನಾಡಿ. ಅವರ ಕಂಪನಿಯ ಕಥೆ ಕೇಳಿದ ಮೇಲೆ ಆ ಮುಖಂಡನನ್ನು ನೋಡುವ ಮಕ್ಕಳು ಅವನನ್ನು ಒಬ್ಬ ನಟನಾಗಿ ನೋಡುತ್ತಾರೆ.

ನೆರಳುಬೆಳಕು:

ಹಳೆಯರೀಲು ಅವರ ಸಲಹೆ ಬಹಳ ಚೆನ್ನಾಗಿದೆ. ಅದರ ಮರುವಾರಕ್ಕೆ 'ಸನ್ ಆಫ್ ಇಂಗಾಗಿ' ಇಟ್ಟುಕೊಳ್ಳಿ. ಒಂದು ಗಂಟೆಗೆ ತುಸು ಹೆಚ್ಚು ಅವಧಿಯ ಚಿತ್ರ. ನಿರ್ದೇಶಕ ರಿಚರ್ಡ್ ಕಾನ್ ಬಿಳಿಯರು, ಕಥೆ ಮತ್ತು ಚಿತ್ರಕಥೆ ಕಪ್ಪು ಲೇಖಕ ಸ್ಪೆನ್ಸರ್ ವಿಲಿಯಮ್ಸ್ ಅವರದು. ಶೀರ್ಷಿಕೆ ನೋಡಿ ಮೋಸಹೋಗಬೇಡಿ, ಮುಖವರ್ಣಿಕೆ ಅವರು ಹೇಳಿದ 'ಇಂಗಾಗಿ'ಯ ಕುಖ್ಯಾತಿಯಿಂದ ಲಾಭ ಪಡೆಯಲು ಇಟ್ಟ ಹೆಸರಷ್ಟೇ ಅದು. ಹಣದ ಕೊರತೆ ಪ್ರತಿ ದೃಶ್ಯದಲ್ಲಿಯೂ ಕಾಣುತ್ತದೆ, ಗೋಡೆಗಳು ಬರಿದು, ಬೆಳಕು ಚಪ್ಪಟೆ, ವಾನರಮಾನವನ ವೇಷ ಸಾಧಾರಣ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಕಾಂಗ್ ನೋಡಿ ಬಂದ ಮಕ್ಕಳಿಗೆ ನಿರಾಸೆಯಾಗುತ್ತದೆ.

ಆದರೆ ಅದು ಒಂದು ಮದುವೆಯಿಂದ ಆರಂಭವಾಗುತ್ತದೆ. ಓದಿದ, ಒಳ್ಳೆಯ ಬಟ್ಟೆ ತೊಟ್ಟ, ನೆರೆಹೊರೆಯವರೊಂದಿಗೆ ನಗುತ್ತಿರುವ ಕಪ್ಪು ದಂಪತಿಗಳು ಕಥೆಯ ನಾಯಕ ನಾಯಕಿಯರು. ಹುಚ್ಚು ವಿಜ್ಞಾನಿಯ ಪಾತ್ರ ಲಾರಾ ಬೌಮನ್ ಅವರದು, ಡಾ. ಹೆಲೆನ್ ಜಾಕ್ಸನ್. ಆಫ್ರಿಕದಿಂದ ಚಿನ್ನವನ್ನೂ ಎನ್‌ಜೀನಾ ಎಂಬ ವಾನರಮಾನವನನ್ನೂ ತಂದು ನೆಲಮಾಳಿಗೆಯಲ್ಲಿಟ್ಟುಕೊಂಡು, ತನ್ನ ಪ್ರಯೋಗಾಲಯದಲ್ಲಿ ಮದ್ದು ಕಾಯಿಸುವ ಸಿಡುಕಿನ ಮುದುಕಿ. ಆಕೆಗೆ ಕಳೆದುಹೋದ ಪ್ರೀತಿಯೊಂದಿದೆ, ಆಸ್ತಿಯನ್ನು ಆ ದಂಪತಿಗೆ ಬರೆದಿಟ್ಟಿದ್ದಾಳೆ. ಎನ್‌ಜೀನಾ ಆ ಮದ್ದನ್ನು ಕುಡಿದು ಕೆರಳಿದಾಗ ಮೊದಲು ಸಾಯುವವಳು ಆಕೆಯೇ, ಮತ್ತು ಆ ಸಾವಿನ ಸುತ್ತಲೇ ಉಳಿದ ಕಥೆಯೆಲ್ಲ ನಡೆಯುತ್ತದೆ. ಪತ್ತೇದಾರನಾಗಿ ಸ್ಪೆನ್ಸರ್ ವಿಲಿಯಮ್ಸ್ ಅವರೇ ಬರುತ್ತಾರೆ. ಅವರು ಮಾಡಿಟ್ಟುಕೊಂಡ ಸ್ಯಾಂಡ್‌ವಿಚ್ಚನ್ನು ಹಿಂದಿನಿಂದ ಬಂದ ಎನ್‌ಜೀನಾ ಎತ್ತಿಕೊಂಡು ಹೋಗುವ ಪ್ರಸಂಗಕ್ಕೆ ಮಕ್ಕಳು ಖಂಡಿತ ನಗುತ್ತಾರೆ.

ಲಾರಾ ಬೌಮನ್ ಅವರನ್ನು ಗಮನವಿಟ್ಟು ನೋಡಲು ಹೇಳಿ. 1940ರ ಅಮೆರಿಕದಲ್ಲಿ ಕಪ್ಪು ಹೆಣ್ಣುಮಗಳು ವೈದ್ಯೆಯೂ ವಿಜ್ಞಾನಿಯೂ ಆಗಿರುವುದಕ್ಕೆ ಆ ಚಿತ್ರದೊಳಗಿನ ಒಬ್ಬರೂ ಅಚ್ಚರಿಪಡುವುದಿಲ್ಲ, ವಕೀಲರೂ ಪೊಲೀಸರೂ ನೆರೆಯವರೂ ಆಕೆಯನ್ನು ಡಾಕ್ಟರ್ ಎಂದೇ ಕರೆಯುತ್ತಾರೆ. ಚಿತ್ರದ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರದರ್ಶನಕ್ಕೆ ಅನುಮತಿಯ ತೊಡಕಿಲ್ಲ. ಧ್ವನಿ ಮಾತ್ರ ಅಲ್ಲಲ್ಲಿ ಕ್ಷೀಣವಾಗಿದೆ, ಸಾಧ್ಯವಾದರೆ ಕನ್ನಡದ ಅಡಿಬರಹ ಸಿದ್ಧಪಡಿಸಿಕೊಳ್ಳಿ. ಆ ಕೆಲಸದಲ್ಲಿ ಜೊತೆಗೂಡಲು ನಾನು ಸಿದ್ಧನಿದ್ದೇನೆ.